ಡೇವಿಡ್ ರಾಬರ್ಟ್ಸ್ ಬರೆದ ಎಡ್ಫು ದೇವಸ್ಥಾನ: ಆ ಮರಳು ನಿಜಾನಾ, ಬರೀ ಬಿಲ್ಡಪ್ಪಾ?

ಖಾಲಿ ಕ್ಯಾನ್ವಾಸ್
ನಮಸ್ಕಾರ ಎಲ್ರಿಗೂ. ಈಜಿಪ್ಟಿನ ಹಳೇ ದೇವಸ್ಥಾನಗಳ ಚಿತ್ರ ಹುಡುಕ್ತಾ ಇದ್ದಾಗ ಡೇವಿಡ್ ರಾಬರ್ಟ್ಸ್ ಅನ್ನೋ ಸ್ಕಾಟ್ಲೆಂಡ್ ಪೇಂಟರ್ ಬರೆದ ಎಡ್ಫು ಸಿಕ್ತು. 1838ರಲ್ಲಿ ಅಲ್ಲೇ ಹೋಗಿ ಸ್ಕೆಚ್ ಮಾಡಿದ್ದು. ಚಿತ್ರ ಏನೋ ಸಖತ್ತಾಗಿದೆ, ಆದ್ರೆ ನಂಬೋಕೆ ಕಷ್ಟ. ಮುಖಮಂಟಪದ ದಪ್ಪ ದಪ್ಪ ಕಂಬಗಳು ಅರ್ಧಕ್ಕಿಂತ ಜಾಸ್ತಿ ಮರಳಲ್ಲಿ ಹೂತುಹೋಗಿವೆ, ಮೇಲಿನ ಬೋದಿಗೆಗಳೇ (ಕಂಬದ ತಲೆಭಾಗ) ದೊಡ್ಡದಾಗಿ ಎದ್ದು ಕಾಣ್ತವೆ, ಅಲ್ಲೇ ಪೇಟ ಕಟ್ಕೊಂಡಿರೋ ಒಂದಷ್ಟು ಜನ ಆರಾಮಾಗಿದ್ದಾರೆ. ಈಗಿನ ಫೋಟೋ ನೋಡಿದ್ರೆ ಅದೇ ಜಾಗದಲ್ಲಿ ಕಲ್ಲು ಹಾಸಿದ ಅಂಗಳ, ಟೂರಿಸ್ಟ್‌ಗಳು ಕಂಬದ ಬುಡದಲ್ಲಿ ಇರುವೆ ಥರ ಓಡಾಡ್ತಿದ್ದಾರೆ.

ನನ್ನ ಡೌಟು ಇಷ್ಟೇ. ಈ ಮನುಷ್ಯ ಮೊದಲು ನಾಟಕದ ಸೀನರಿ ಪರದೆ ಬರೀತಿದ್ದೋನು, ಲಂಡನ್ನಿನ ಡ್ರೂರಿ ಲೇನ್, ಕೋವೆಂಟ್ ಗಾರ್ಡನ್ ಥಿಯೇಟರ್‌ಗಳಲ್ಲೂ ಕೆಲಸ ಮಾಡಿದ್ದೋನು. ಅಂಥೋನು ಪಾಳುಬಿದ್ದ ಫೀಲ್ ಬರ್ಲಿ ಅಂತ ಎರಡು ಲಾರಿ ಮರಳು ಎಕ್ಸ್‌ಟ್ರಾ ಸುರಿದಿರಬಹುದಲ್ವಾ? ಲ್ಯಾಂಡ್‌ಸ್ಕೇಪ್ ಪೇಂಟರ್‌ಗಳು ಬರೆದ ಪಾಳು ಗುಡಿಗಳನ್ನ ಎಷ್ಟು ನಂಬಬಹುದು? ಗೊತ್ತಿರೋರು ಹೇಳಿ.

ಮರಳ ಮಾಮ
ಮರಳು ನಿಜ. ಸಂಶಯಾನೇ ಬೇಡ. ಲಾರಿ ಲೆಕ್ಕ ಕಮ್ಮಿ ಆಯ್ತು ಬೇಕಾದ್ರೆ.

ಶಾಸನದ ಹುಳ
ಮಾಮ ಹೇಳಿದ್ದು ಸರಿ, ಸ್ವಲ್ಪ ಬಿಡಿಸಿ ಹೇಳ್ತೀನಿ.

ಎಡ್ಫುದು ಹೋರಸ್ ದೇವರ ಗುಡಿ. ಫೇರೋಗಳ ಕಾಲದ್ದು ಅಂದ್ಕೋಬೇಡಿ, ತುಂಬಾ ಆಮೇಲಿಂದು. ಅಲೆಕ್ಸಾಂಡರ್ ಆದ್ಮೇಲೆ ಈಜಿಪ್ಟ್ ಆಳಿದ ಗ್ರೀಕ್ ಮೂಲದ ಟಾಲೆಮಿ ರಾಜರು ಕ್ರಿ.ಪೂ. 237ರಲ್ಲಿ ಶುರು ಮಾಡಿದ್ದು, ಮುಗಿದಿದ್ದು ಕ್ರಿ.ಪೂ. 57ರಲ್ಲಿ. ಪೂಜೆ ನಿಂತ ಮೇಲೆ ಜನ ಅಲ್ಲೇ ಮಣ್ಣಿನ ಇಟ್ಟಿಗೆ ಮನೆ ಕಟ್ಕೊಂಡ್ರು, ಮನೆ ಬಿದ್ರೆ ಅದರ ಮೇಲೇ ಇನ್ನೊಂದು, ಜೊತೆಗೆ ನೈಲ್ ನದಿಯ ಮೆಕ್ಕಲು, ಮರುಭೂಮಿಯ ಮರಳು, ಹೀಗೆ ಶತಮಾನಗಟ್ಟಲೆ ತುಂಬ್ಕೋತಾ ಹೋಗಿ ಕೊನೆಗೆ ಗುಡಿಯ ತಾರಸಿ ಮೇಲೇ ಊರು ಕೂತಿತ್ತು. ಹೌದು, ತಾರಸಿ ಮೇಲೆ ಮನೆಗಳು! ಫ್ರೆಂಚ್ ಪುರಾತತ್ವಜ್ಞ ಒಗುಸ್ತ್ ಮರಿಯೆಟ್ 1860ರಲ್ಲಿ ಆ ಮನೆಗಳನ್ನ ತೆಗೆಸಿ ಅಗೆಸಿದ ಮೇಲೇ ನೀವು ಫೋಟೋದಲ್ಲಿ ನೋಡಿದ ಅಂಗಳ ಕಂಡಿದ್ದು. ರಾಬರ್ಟ್ಸ್ ಹೋಗಿದ್ದು ಅದಕ್ಕೂ 22 ವರ್ಷ ಮುಂಚೆ. ಅವನಿಗೆ ಆ ಅಂಗಳ ನೋಡೋ ಛಾನ್ಸೇ ಇರಲಿಲ್ಲ.

ಇನ್ನೊಂದು ವಿಷ್ಯ. ಈಜಿಪ್ಟಲ್ಲಿ ಇಷ್ಟು ಪೂರ್ತಿಯಾಗಿ ಉಳಿದಿರೋ ಗುಡಿ ಬೇರೆ ಸಿಗೋದು ಕಷ್ಟ, ಅದಕ್ಕೆ ಕಾರಣಾನೂ ಈ ಹೂಳೇ. ಮುಚ್ಚಿಹೋದ ಗೋಡೆಯಿಂದ ಯಾರು ಕಲ್ಲು ಕಿತ್ಕೊಂಡು ಹೋಗ್ತಾರೆ ಹೇಳಿ.

ಖಾಲಿ ಕ್ಯಾನ್ವಾಸ್
ಓಹ್, ತಾರಸಿ ಮೇಲೆ ಊರು ಅನ್ನೋದು ಹೊಸ ವಿಷ್ಯ. ಆದ್ರೂ ಮೇಡಂ, ಆ ಊರು ಚಿತ್ರದಲ್ಲಿ ಎಲ್ಲಿ? ಕೊಳಕು ಗುಡಿಸಲು, ತಿಪ್ಪೆ, ಕೂಗಾಡೋ ಮಕ್ಕಳು ಏನೂ ಇಲ್ಲ. ಶಾಂತವಾಗಿ ಸಂಜೆ ಬಿಸಿಲು ಬಿದ್ದಿದೆ. ಅದು ಬಿಲ್ಡಪ್ ಅಲ್ವಾ?

ಬೂದು ಕಾಗದ
ಈಗ ಸರಿಯಾದ ಪ್ರಶ್ನೆಗೆ ಬಂದ್ರಿ ಗುರುಗಳೇ. ನಾನು ವಾಟರ್‌ಕಲರ್ ಮಾಡೋನು, ಆ ಕಡೆಯಿಂದ ಹೇಳ್ತೀನಿ.

ರಾಬರ್ಟ್ಸ್ ಕಟ್ಟಡ ಬರೆಯೋದ್ರಲ್ಲಿ ಸುಳ್ಳು ಹೇಳೋದು ಕಮ್ಮಿ. ಬೆಳಕಲ್ಲಿ ಹೇಳ್ತಾನೆ, ಜನರಲ್ಲಿ ಹೇಳ್ತಾನೆ, ಕಣ್ಣಿನ ಮಟ್ಟದಲ್ಲಿ ಹೇಳ್ತಾನೆ. ದಿಗಂತ ರೇಖೆನ ಎಲ್ಲಿ ಇಟ್ಟಿದ್ದಾನೆ ಅಂತ ಒಂದ್ಸಲ ಅಡ್ಡಪಟ್ಟಿ ಇಟ್ಟು ನೋಡಿ, ಎಷ್ಟೋ ಚಿತ್ರಗಳಲ್ಲಿ ತೀರಾ ಕೆಳಗಿರುತ್ತೆ. ನಾಟಕ ನೋಡೋರು ಕೆಳಗಡೆ ಕೂತು ಮೇಲಿನ ಸ್ಟೇಜ್ ನೋಡ್ತಾರಲ್ಲ, ಪರದೆ ಬರೆಯೋರಿಗೆ ಆ ಲೆಕ್ಕ ರಕ್ತಗತ. ಕಂಬ ತಂತಾನೇ ಬೆಳೆದು ನಿಲ್ಲುತ್ತೆ. ಮುಂದುಗಡೆ ಕತ್ತಲು, ಹಿಂದುಗಡೆ ಬೆಳಕು, ಒಂದು ಕಡೆ ದೊಡ್ಡ ಕಂಬ ನಿಲ್ಲಿಸಿ ಕಣ್ಣನ್ನ ಒಳಗೆ ತಳ್ಳೋದು, ಇದೂ ಥಿಯೇಟರ್ ಬುದ್ಧಿನೇ.

ಜನರನ್ನ ಅವನು ಅಳತೆಗೋಲಾಗಿ ಇಡ್ತಾನೆ. ಎಡ್ಫುವಿನ ದ್ವಾರಗೋಪುರ 36 ಮೀಟರ್ ಎತ್ತರ. ಅದರ ಬುಡದಲ್ಲಿ ಒಬ್ಬ ಮನುಷ್ಯ ಇರದಿದ್ರೆ 36 ಮೀಟರ್ ಅಂತ ಯಾರಿಗೆ ಗೊತ್ತಾಗುತ್ತೆ? ಮುಂದೆ ಕೂತಿರೋರ ಜೊತೆ ಹೋಲಿಸ್ಬೇಡಿ, ಮೋಸ ಹೋಗ್ತೀರಿ. ಗೋಡೆಗೆ ಅಂಟ್ಕೊಂಡು ನಿಂತಿರೋರನ್ನ ಸ್ಕೇಲ್ ಇಟ್ಟು ಅಳೀರಿ.

ಅಡ್ಡಗೋಡೆ ದೀಪ
ಅಳತೆಗೋಲಂತೆ!! ಅದೇ ನನ್ನ ತಕರಾರು. ಅಲ್ಲಿ ಬದುಕ್ತಿದ್ದ ಜನ ಇವನಿಗೆ ಅಳತೆ ಪಟ್ಟಿ. ಎಲ್ಲಾ ಚಿತ್ರದಲ್ಲೂ ಕೂತಿರ್ತಾರೆ, ಒರಗಿರ್ತಾರೆ, ಹುಕ್ಕಾ ಸೇದ್ತಿರ್ತಾರೆ. ಕೆಲಸ ಮಾಡೋರು ಎಷ್ಟು ಜನ ಕಂಡ್ರು ನಿಮಗೆ? ಇವನ ದೋಣಿ ಎಳೆದೋರು, ಸಾಮಾನು ಹೊತ್ತೋರು, ಅಡುಗೆ ಮಾಡಿದೋರು ಯಾರೂ ಕಾಣಲ್ಲ. "ಇಷ್ಟು ದೊಡ್ಡ ನಾಗರಿಕತೆ ಇತ್ತು, ಈಗ ನೋಡಿ ಈ ಸೋಮಾರಿಗಳ ಕೈಲಿದೆ" ಅನ್ನೋ ಕಥೆ ಲಂಡನ್ನಲ್ಲಿ ಚೆನ್ನಾಗಿ ಮಾರಾಟ ಆಗ್ತಿತ್ತು, ಅದನ್ನೇ ಮಾರಿದ. ಮರಳು ನಿಜ ಇರಬಹುದು, ಮರಳಿನ ಮೇಲೆ ಕೂರಿಸಿರೋ ಕಥೆ ಅವನದ್ದು.

ಮರಳ ಮಾಮ
ಮಧ್ಯಾಹ್ನದ ಬಿಸಿಲಲ್ಲಿ ನೆರಳಲ್ಲಿ ಕೂರೋದೂ ತಪ್ಪಾ ಸ್ವಾಮಿ? 😄

ಅಡ್ಡಗೋಡೆ ದೀಪ
ಕೂರೋದು ತಪ್ಪಲ್ಲ ಮಾಮ. ಕೂತಿರೋರನ್ನ ಮಾತ್ರ ಬರೆಯೋದು ತಪ್ಪು.

ಶಾಸನದ ಹುಳ
ದೀಪ ಅವರ ಮಾತಲ್ಲಿ ಹುರುಳಿದೆ. ಆದ್ರೆ ಒಂದು ಕಡೆ ನಾನು ಒಪ್ಪಲ್ಲ. ಆ ಕಾಲದ ಯೂರೋಪಿನ ಪೇಂಟರ್‌ಗಳಲ್ಲಿ ಎಷ್ಟೋ ಜನ ಜಾಗಕ್ಕೇ ಹೋಗದೆ ಬರೀತಿದ್ರು. ಇಂಗ್ಲೆಂಡಿನ ಟರ್ನರ್ 1816ರಲ್ಲಿ ಗ್ರೀಸಿನ ಈಜೀನಾ ದ್ವೀಪದ ಗುಡಿ ಬರೆದು ಎಗ್ಸಿಬಿಷನ್‌ಗೆ ಇಟ್ಟ, ಗ್ರೀಸಿಗೆ ಅವನು ಕಾಲೇ ಇಟ್ಟಿರಲಿಲ್ಲ, ಇನ್ನೊಬ್ಬರ ಸ್ಕೆಚ್ ನೋಡಿ ಬರೆದಿದ್ದು. ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಕ್ ಸಿಸಿಲಿಯ ಅಗ್ರಿಜೆಂಟೋದ ಜೂನೋ ದೇವಸ್ಥಾನ ಬರೆದಿದ್ದಾನೆ, ಇಟಲಿಗೇ ಹೋಗಿಲ್ಲ ಪುಣ್ಯಾತ್ಮ. ಅವರ ಪಕ್ಕ ಇಟ್ಟು ನೋಡಿದ್ರೆ ರಾಬರ್ಟ್ಸ್ ಸುಮಾರು ಎರಡೂವರೆ ತಿಂಗಳು ನೈಲ್ ಮೇಲೆ ಕೆಳಗೆ ಓಡಾಡಿ, 1838ರ ನವೆಂಬರಲ್ಲಿ ದಕ್ಷಿಣದ ಕೊನೆಯಲ್ಲಿರೋ ಅಬು ಸಿಂಬೆಲ್ ಗುಡಿ ತನಕ ಹೋಗಿ, ವಾಪಸ್ ಬರ್ತಾ ಒಂದೊಂದೇ ಗುಡಿ ಮುಂದೆ ನಿಲ್ಲಿಸಿ ಬರೆದೋನು.

ಖಾಲಿ ಕ್ಯಾನ್ವಾಸ್
ಹೋಗದೇ ಬರೆದ್ರೆ ಅದು ಕಮ್ಮಿ ಅಂತಾನಾ? ಫ್ರೀಡ್ರಿಕ್ ಚಿತ್ರ ನೋಡ್ದೆ, ನನಗೆ ರಾಬರ್ಟ್ಸ್‌ಗಿಂತ ಅದೇ ಹಿಡಿಸ್ತು.

ಬೂದು ಕಾಗದ
ಚಿತ್ರವಾಗಿ ಹಿಡಿಸ್ಲಿ, ಯಾರು ಬೇಡ ಅಂದ್ರು. ನೀವು ಕೇಳಿದ್ದು ನಂಬಬಹುದಾ ಅಂತ ತಾನೇ. ನಂಬೋದು ಬೇರೆ, ಇಷ್ಟ ಆಗೋದು ಬೇರೆ.

ಹುಬ್ಬಳಿ ಎಕ್ಸ್‌ಪ್ರೆಸ್
ಅಲ್ರೀ, ನೀವು ಮರಳು ಖರೇನೋ ಸುಳ್ಳೋ ಅಂತ ಗುದ್ದಾಡಾಕತ್ತೀರಿ, ಅಲ್ಲೆ ಗುಡೀನ ಇಲ್ಲದಂಗ ಆಗ್ಯಾವು. ಲಕ್ಸರ್‌ಗೆ ದಕ್ಷಿಣಕ್ಕ ಅರ್ಮಾಂತ್ ಅಂತ ಊರೈತಿ. ಕ್ಲಿಯೋಪಾತ್ರನ ಕಾಲದ ಒಂದು ಗುಡಿ ಇತ್ತು ಅಲ್ಲೆ. ರಾಬರ್ಟ್ಸ್ ಅದನ್ನೂ ಬರದಾನ, ಎತ್ತರ ಎತ್ತರ ಕಂಬ ನಿಂತಾವು ಚಿತ್ರದಾಗ. 1860ರ ದಶಕದಾಗ ಆ ಗುಡಿ ಕೆಡವಿ ಸಕ್ಕರಿ ಕಾರ್ಖಾನಿಗೆ ಕಲ್ಲು ಬಳಸಿದ್ರು. ಸಕ್ಕರಿ ಕಾರ್ಖಾನಿ! ಈಗ ಅದು ಹೆಂಗಿತ್ತು ಅಂತ ನೋಡಬೇಕಂದ್ರ ಇಂಥಾ ಚಿತ್ರ, 1798ರಾಗ ಈಜಿಪ್ಟಿಗೆ ದಂಡೆತ್ತಿ ಬಂದ ನೆಪೋಲಿಯನ್ನನ ಜೋಡಿ ಇದ್ದ ವಿದ್ವಾಂಸರು ಮಾಡಿದ ನಕ್ಷೆ, ನಾಕು ಹಳೇ ಫೋಟೋ, ಇಷ್ಟ. ಇನ್ನ ನಂಬ್ತೀರೋ ಬಿಡ್ತೀರೋ ನಿಮಗ ಬಿಟ್ಟದ್ದು.

ಗುಬ್ಬಿಗೂಡು
ಸಕ್ಕರೆ ಕಾರ್ಖಾನೆ ಓದಿ ಹೊಟ್ಟೆ ಉರೀತು.

ಕಾಂಕ್ರೀಟ್ ಕುಮಾರ
ನಾನು ಸಿವಿಲ್ ಲೈನಿನೋನು, ಅಬು ಸಿಂಬೆಲ್ ಅಂದ್ರೆ ಸುಮ್ನೆ ಇರೋಕಾಗಲ್ಲ. ರಾಬರ್ಟ್ಸ್ ಅದರ ಮುಂದೆ ಕೂತು ಬರೆದ ಜಾಗ ಈಗ ನಾಸರ್ ಸರೋವರದ ನೀರಿನ ಕೆಳಗಿದೆ. ಅಸ್ವಾನ್ ಹೈ ಡ್ಯಾಮ್ ಕಟ್ಟಿದಾಗ ನೀರು ಏರುತ್ತೆ ಅಂತ 1964ರಿಂದ 68ರ ತನಕ ಇಡೀ ಗುಡಿನ ಗರಗಸದಲ್ಲಿ ತುಂಡು ತುಂಡಾಗಿ ಕುಯ್ದು 65 ಮೀಟರ್ ಮೇಲೆ, 200 ಮೀಟರ್ ಹಿಂದೆ ತಗೊಂಡೋಗಿ ಮತ್ತೆ ಜೋಡಿಸಿದ್ರು. ಒಂದೊಂದು ತುಂಡು ಹತ್ತಾರು ಟನ್. ಬೆಟ್ಟ ಕೊರೆದು ಮಾಡಿದ ಗುಡಿ ಅಲ್ವಾ ಅದು, ಬೆಟ್ಟ ಎಲ್ಲಿಂದ ತರೋದು? ಅದಕ್ಕೆ ಹಿಂದುಗಡೆ ಕಾಂಕ್ರೀಟಿನ ಗುಮ್ಮಟ ಕಟ್ಟಿ ಅದರ ಮೇಲೆ ಕಲ್ಲು ಮಣ್ಣು ಹಾಕಿ ಬೆಟ್ಟ ಮಾಡಿದ್ರು. ಒಳಗೆ ಹೋದ್ರೆ ಖಾಲಿ ಗುಮ್ಮಟ.

ನನಗೆ ಇಷ್ಟ ಆಗೋ ಭಾಗ ಹೇಳ್ತೀನಿ. ಮುಂದೆ ಕೂತಿರೋ ಫೇರೋ ರಾಮ್ಸೆಸ್‌ನ ನಾಲ್ಕು ಮೂರ್ತಿಗಳಲ್ಲಿ ಎಡಗಡೆಯಿಂದ ಎರಡನೇದು ಹಿಂದಿನ ಕಾಲದಲ್ಲೇ ಭೂಕಂಪಕ್ಕೆ ಮುರಿದು ತಲೆ, ಎದೆ ಕೆಳಗೆ ಬಿದ್ದಿತ್ತು. ಎತ್ತಿ ಮೇಲೆ ಸಾಗಿಸಿದ ಮೇಲೆ ಸಿಮೆಂಟ್ ಹಾಕಿ ಅಂಟಿಸಬಹುದಿತ್ತು. ಇಲ್ಲ. ಬಿದ್ದಿದ್ದ ತುಂಡುಗಳನ್ನ ಹೊಸ ಜಾಗದಲ್ಲೂ ಹಂಗೇ ಬಿದ್ದ ಹಾಗೇ ಇಟ್ರು! ಪಾಳನ್ನ ಪಾಳಾಗೇ ಶಿಫ್ಟ್ ಮಾಡಿದಾರೆ. ಹಾಗಾಗಿ ಇವತ್ತಿನ ಫೋಟೋದಲ್ಲೂ ಅದು ರಾಬರ್ಟ್ಸ್ ಚಿತ್ರಕ್ಕೆ ತಾಳೆ ಆಗುತ್ತೆ, ಮರಳಿನ ದಿಬ್ಬ ಒಂದು ಬಿಟ್ಟು.

ಗುಬ್ಬಿಗೂಡು
ಅಬ್ಬಾ. ಒಳಗೆ ಗುಮ್ಮಟ ಇರೋದು ಗೊತ್ತೇ ಇರಲಿಲ್ಲ.

ಹುಬ್ಬಳಿ ಎಕ್ಸ್‌ಪ್ರೆಸ್
ಕುಮಾರಣ್ಣ, ಅದ ಡ್ಯಾಮಿನ ದೆಸೆಯಿಂದ ದಂದೂರ್ ಗುಡಿ ಅಮೆರಿಕಾಕ್ಕ ಹೋತು ನೋಡ್ರಿ. ಸಣ್ಣ ಗುಡಿ ಅದು, ರಾಬರ್ಟ್ಸ್ ನೈಲ್ ದಂಡಿಮ್ಯಾಲೆ ಇದ್ದಾಗ ಬರದಾನ. ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಾಗ ಎ.ಸಿ. ಹಾಲಿನ್ಯಾಗ ಕುಂತೈತಿ, 1978ರಾಗ ಜನಕ್ಕ ತೆರದ್ರು. ತಾಫಾದ್ದು ಹಾಲೆಂಡಿನ ಲೈಡನ್ನಿಗೆ, ದೆಬೋದ್‌ದು ಸ್ಪೇನಿನ ಮ್ಯಾಡ್ರಿಡ್ಡಿಗೆ. ಗುಡಿಗೋಳು ಪಾಸ್‌ಪೋರ್ಟ್ ಮಾಡಿಸ್ಕೊಂಡು ಹೋದಂಗ ಹೋದ್ವು.

ಅಡ್ಡಗೋಡೆ ದೀಪ
ಅವು ಸಹಾಯ ಮಾಡಿದ ದೇಶಗಳಿಗೆ ಈಜಿಪ್ಟ್ ಸರ್ಕಾರನೇ ಕೊಟ್ಟ ಗಿಫ್ಟು, ಕದ್ದಿದ್ದಲ್ಲ ಅನ್ನೋದೂ ಸೇರ್ಸಿ. ಇಲ್ದಿದ್ರೆ ಈಗ ಅದೊಂದು ಜಗಳ ಶುರುವಾಗುತ್ತೆ.

ಮರಳ ಮಾಮ
ನೀವೇ ಶುರು ಮಾಡ್ತೀರಿ ಅಂತ ಕಾಯ್ತಿದ್ದೆ.

ಬಣ್ಣದ ಬೀಗ
ಟ್ರ್ಯಾಕ್‌ಗೆ ವಾಪಸ್ ಬರೋಣ್ವಾ? ನನ್ನ ಡೌಟು ಬಣ್ಣದ ಬಗ್ಗೆ. ಅಸ್ವಾನ್ ಹತ್ರದ ಫಿಲೇ ದ್ವೀಪದ ಐಸಿಸ್ ದೇವಿ ಗುಡಿ ಒಳಗಿನ ಮಂಟಪ ಬರೆದಿದ್ದಾನಲ್ಲ, ಬೋದಿಗೆ ತುಂಬಾ ನೀಲಿ, ಹಸಿರು, ಕೆಂಪು. ಈಗ ಅಲ್ಲಿ ಬರೀ ಕಲ್ಲಿನ ಬಣ್ಣ. ಇದಂತೂ ಖಂಡಿತ ಕೈಯಿಂದ ಹಾಕಿದ್ದು ಅನ್ಸುತ್ತೆ. ಜೊತೆಗೆ ನಾವೆಲ್ಲ ನೋಡ್ತಿರೋದು ಅವನ ಒರಿಜಿನಲ್ ಅಲ್ಲ, ಲೂಯಿ ಹಾಗ್ ಅನ್ನೋನು ಲಂಡನ್ನಲ್ಲಿ ಕಲ್ಲಚ್ಚಿಗೆ ಇಳಿಸಿದ ಲಿಥೋಗ್ರಾಫ್. 1842ರಿಂದ 49ರ ತನಕ ಬಿಡಿ ಬಿಡಿಯಾಗಿ ಬಂದಿದ್ದು. ಒಳ್ಳೇ ಕಾಪಿಗಳಿಗೆ ಆಮೇಲೆ ಕೈಯಲ್ಲಿ ಬಣ್ಣ ತುಂಬಿಸ್ತಿದ್ರು. ಈಜಿಪ್ಟ್ ಮುಖಾನೇ ನೋಡದಿರೋ ಯಾರೋ ಲಂಡನ್ನಲ್ಲಿ ಕೂತು ಹಾಕಿದ ನೀಲಿನ ಪುರಾವೆ ಅಂತ ಹೇಗೆ ಒಪ್ಪೋದು?

ಬೂದು ಕಾಗದ
ಲಿಥೋಗ್ರಾಫ್ ವಿಷ್ಯ ನೂರಕ್ಕೆ ನೂರು ಸರಿ, ಇದನ್ನ ಮರೆತು ಜನ "ರಾಬರ್ಟ್ಸ್ ಬಣ್ಣ" ಅಂತ ಮಾತಾಡ್ತಾರೆ. ಒಂದೇ ಪ್ಲೇಟಿನ ಎರಡು ಕಾಪಿ ಪಕ್ಕಪಕ್ಕ ಇಟ್ರೆ ಆಕಾಶ ಒಂದರಲ್ಲಿ ಗುಲಾಬಿ, ಒಂದರಲ್ಲಿ ಹಳದಿ. ಅವನ ಕೈ ನೋಡ್ಬೇಕಂದ್ರೆ ವಾಟರ್‌ಕಲರ್ ನೋಡಿ. ಬೂದು ಅಥವಾ ಕಂದು ಛಾಯೆ ಇರೋ ಕಾಗದದ ಮೇಲೆ ಪೆನ್ಸಿಲ್ ಗೆರೆ, ತೆಳು ಬಣ್ಣ, ಬಿಸಿಲು ಬಿದ್ದ ಅಂಚಿಗೆ ಮಾತ್ರ ದಪ್ಪ ಬಿಳಿ. ಕಾಗದದ ಬಣ್ಣಾನೇ ಮರಳಾಗುತ್ತೆ ಅಲ್ಲಿ. ಅಷ್ಟು ಬೇಗ ಅಷ್ಟೊಂದು ಮಾಡಿದ್ದು ಈ ಉಪಾಯದಿಂದಾನೇ, ಇಡೀ ಹಾಳೆ ತುಂಬಿಸ್ತಾ ಕೂತಿದ್ರೆ ಒಂದು ಗುಡಿಯೂ ಮುಗೀತಿರಲಿಲ್ಲ.

ಶಾಸನದ ಹುಳ
ಅಚ್ಚಿನ ನೀಲಿ ಯಾವ ನೀಲಿ ಅನ್ನೋದನ್ನ ನಂಬ್ಬೇಡಿ, ಸರಿ. ಆದ್ರೆ ಫಿಲೇಲಿ ಬಣ್ಣ ಇತ್ತು ಅನ್ನೋದು ನಿಜ. ನೆಪೋಲಿಯನ್ ಜೊತೆ ಹೋಗಿದ್ದೋರೂ ಅದೇ ಮಂಟಪನ ಬಣ್ಣದ ಸಮೇತ ಪ್ರಿಂಟ್ ಮಾಡಿದ್ರು. ಬಣ್ಣ ಹೋಗಿದ್ದು ಹೇಗೆ ಅಂದ್ರೆ, 1902ರಲ್ಲಿ ಬ್ರಿಟಿಷರು ಕಟ್ಟಿದ ಹಳೇ ಅಸ್ವಾನ್ ಡ್ಯಾಮ್. ಆಮೇಲೆ ಎರಡು ಸಲ ಅದನ್ನ ಎತ್ತರಿಸಿದ್ರು, ಗುಡಿ ವರ್ಷದಲ್ಲಿ ಬಹುಪಾಲು ನೀರಲ್ಲೇ ಮುಳುಗಿರ್ತಿತ್ತು, ಜನ ದೋಣಿಯಲ್ಲಿ ಕಂಬಗಳ ನಡುವೆ ಹೋಗಿ ನೋಡ್ತಿದ್ರು. ಎರಡು ಸಾವಿರ ವರ್ಷ ಉಳಿದಿದ್ದ ಬಣ್ಣ ನೀರಲ್ಲಿ ನೆಂದು ಕೆಲವೇ ದಶಕದಲ್ಲಿ ತೊಳೆದುಹೋಯ್ತು. ಈಗಿನ ಗುಡಿ ಪಕ್ಕದ ಅಗಿಲ್ಕಿಯಾ ದ್ವೀಪಕ್ಕೆ ಸಾಗಿಸಿ 1980ರಲ್ಲಿ ಜನಕ್ಕೆ ತೆರೆದಿದ್ದು.

ಎಸ್ನಾ ಗುಡಿ ಕಥೆ ಇದಕ್ಕೆ ಉಲ್ಟಾ. ರಾಬರ್ಟ್ಸ್ ಅದರ ಕಂಬಗಳ ಮಂಟಪನೂ ಬರೆದಿದ್ದಾನೆ, ಆಗ ಅದು ಹತ್ತಿ ತುಂಬಿಡೋ ಗೋಡೌನು. 24 ಕಂಬ, ಎಲ್ಲಾ ಮಸಿ ಹಿಡಿದು ಕಪ್ಪು. 2018ರಿಂದ ಈಜಿಪ್ಟಿನೋರು ಮತ್ತು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದೋರು ಸೇರಿ ಆ ಮಸಿ ತೆಗೀತಾ ಬಂದ್ರು, ಕೆಳಗೆ ಬಣ್ಣ ಹೊಸದಾಗಿ ಬಳಿದ ಹಾಗಿದೆ. ಫೋಟೋ ಹುಡುಕಿ ನೋಡಿ, ಆಮೇಲೆ ಫಿಲೇ ಚಿತ್ರದ ಬಣ್ಣ ಸಪ್ಪೆ ಅನ್ಸುತ್ತೆ ನಿಮಗೆ.

ಬಣ್ಣದ ಬೀಗ
ನೋಡ್ದೆ. ಮೇಲಿನ ಚಾವಣಿಯಲ್ಲಿ ಸಾಲಾಗಿ ರೆಕ್ಕೆ ಬಿಚ್ಚಿರೋ ಹದ್ದುಗಳು... ಕೆಂಪು, ನೀಲಿ, ಬಿಳಿ... ಮಾತಿಲ್ಲ. ಆದ್ರೂ ಅಚ್ಚಿನ ಬಣ್ಣ ಪುರಾವೆ ಅಲ್ಲ ಅನ್ನೋ ನನ್ನ ಮಾತಿಗೆ ನಾನು ಬದ್ಧ.

ಚಹಾ ಬ್ರೇಕ್
ಲಕ್ಸರ್ ಗುಡಿ ಚಿತ್ರ ಇಟ್ಟು ಚೆಕ್ ಮಾಡಿ. ಬಾಗಿಲ ಮುಂದೆ ಎರಡು ಒಬೆಲಿಸ್ಕ್ (ಚೂಪು ತುದಿಯ ಒಂದೇ ಕಲ್ಲಿನ ಕಂಬ) ಇದ್ವು, ಒಂದನ್ನ ಫ್ರಾನ್ಸಿಗೆ ಸಾಗಿಸಿ 1836ರಲ್ಲಿ ಪ್ಯಾರಿಸ್ಸಿನ ಪ್ಲಾಸ್ ದ ಲಾ ಕಾಂಕಾರ್ಡ್‌ನಲ್ಲಿ ನಿಲ್ಲಿಸಿದ್ರು. ರಾಬರ್ಟ್ಸ್ 38ರಲ್ಲಿ ಬಂದ. ಅವನ ಚಿತ್ರದಲ್ಲಿ ಎಷ್ಟಿದೆ? ಒಂದೇ. ಬಿಲ್ಡಪ್ ಕೊಡೋನಾಗಿದ್ರೆ ಜೋಡಿ ನಿಲ್ಲಿಸ್ತಿದ್ದ, ಕಾಂಪೋಸಿಷನ್ ಇನ್ನೂ ಚೆನ್ನಾಗಿ ಕೂರ್ತಿತ್ತು.

ಖಾಲಿ ಕ್ಯಾನ್ವಾಸ್
ಒಳ್ಳೇ ಪಾಯಿಂಟ್ ಇದು.

ಅಡ್ಡಗೋಡೆ ದೀಪ
ಒಬೆಲಿಸ್ಕ್ ಎಣಿಸಿದ್ದು ಸರಿ ಇದ್ರೆ ಜನರನ್ನ ತೋರಿಸಿದ್ದೂ ಸರಿ ಅಂತಾಗಲ್ಲ. ಎರಡು ಬೇರೆ ಬೇರೆ ಲೆಕ್ಕ. ಕಲ್ಲಿನ ವಿಷ್ಯಕ್ಕೆ ಅವನು ಸಾಕ್ಷಿ, ಮನುಷ್ಯರ ವಿಷ್ಯಕ್ಕೆ ವ್ಯಾಪಾರಿ. ಎಡ್ಫು ಚಿತ್ರದಲ್ಲಿ ಊರಿನ ಗಲಾಟೆ ಯಾಕಿಲ್ಲ ಅಂತ ಮೇಲೆ ಕೇಳಿದ್ರಲ್ಲ, ಅದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ ನೋಡಿ.

ಬೂದು ಕಾಗದ
ಕೊಡ್ತೀನಿ. ಬೇಡದಿದ್ದನ್ನ ಬಿಡೋದು ಎಲ್ಲಾ ಪೇಂಟರ್ ಮಾಡೋದೇ, ನಾನೂ ವಿದ್ಯುತ್ ಕಂಬ ಬಿಟ್ಟು ಬರೀತೀನಿ. ಆದ್ರೆ ಎಡ್ಫುನಲ್ಲಿ ಊರನ್ನ ಬಿಟ್ರೆ ಮರಳು ಎಲ್ಲಿಂದ ಬಂತು ಅನ್ನೋ ಕಾರಣಾನೇ ಮಾಯ ಆಗುತ್ತೆ, ಪ್ರಕೃತಿ ನುಂಗಿತು ಅನ್ನೋ ಥರ ಕಾಣುತ್ತೆ. ಅಷ್ಟರ ಮಟ್ಟಿಗೆ ದೀಪ ಅವರ ಕಡೆ ನಾನು. ಅರ್ಧ ಹೂಳು ಅದೇ ಜನರ ಮನೆ ಗೋಡೆ ಕುಸಿದಿದ್ದು, ಅವರ ಒಲೆ ಬೂದಿ. ಚಿತ್ರದಲ್ಲಿ ಅದೆಲ್ಲ ಒಂದೇ ನುಣುಪು ದಿಬ್ಬ.

ಹುಬ್ಬಳಿ ಎಕ್ಸ್‌ಪ್ರೆಸ್
ಇದು ಮಾತಂದ್ರ ಮಾತು.

ಮರಳ ಮಾಮ
ಸೈಡ್ ವಿಷ್ಯ: ಕೈರೋದಲ್ಲಿ ಮಸೀದಿ ಒಳಗೆ ಸ್ಕೆಚ್ ಮಾಡೋಕೆ ಇವನಿಗೆ ಪರ್ಮಿಶನ್ ಕೊಟ್ಟಾಗ ಹಾಕಿದ ಕಂಡೀಷನ್ ಗೊತ್ತಾ? ಹಂದಿ ಕೂದಲಿನ ಬ್ರಷ್ ಒಳಗೆ ತರಂಗಿಲ್ಲ. ತುರ್ಕಿ ಡ್ರೆಸ್ಸೂ ಹಾಕ್ಕೊಂಡು ಹೋದ. ಮತ್ತೆ ಆಗಿನ ಪ್ರವಾಸಿಗಳು ನೈಲ್ ಮೇಲೆ ಬಾಡಿಗೆ ದೋಣಿ ಹಿಡಿದ್ರೆ ಮೊದಲು ಅದನ್ನ ನೀರಲ್ಲಿ ಮುಳುಗಿಸಿ ಎತ್ತೋರು, ಇಲಿ ಸಾಯ್ಲಿ ಅಂತ.

ಗುಬ್ಬಿಗೂಡು
ಇಲಿ ವಿಷ್ಯ ಬೇಕಿರಲಿಲ್ಲ ಮಾಮ 😖

ಕಾಂಕ್ರೀಟ್ ಕುಮಾರ
ಸ್ಟ್ರಕ್ಚರ್ ಇಂಟ್ರೆಸ್ಟ್ ಇರೋರಿಗೆ ಇನ್ನೊಂದು. ಅದೇ ಟ್ರಿಪ್ಪಲ್ಲಿ 1839ರಲ್ಲಿ ಲೆಬನಾನಿನ ಬಾಲ್‌ಬೆಕ್‌ಗೂ ಹೋಗಿದ್ದ. ಅಲ್ಲಿ ರೋಮನ್ನರು ಕಟ್ಟಿದ ಬಾಕಸ್ ಗುಡಿಯ ದೊಡ್ಡ ಬಾಗಿಲು, ಮೇಲಿನ ತೊಲೆಗಲ್ಲಿನ ನಡುವಿನ ತುಂಡು 1759ರ ಭೂಕಂಪಕ್ಕೆ ಜಾರಿ ಅರ್ಧಕ್ಕೆ ಸಿಕ್ಕಾಕ್ಕೊಂಡಿತ್ತು, ಎರಡೂ ಪಕ್ಕದ ಕಲ್ಲುಗಳ ಹಿಡಿತದಲ್ಲಿ ನೇತಾಡ್ತಿತ್ತು ಅನ್ನಿ. ಅವನ ಚಿತ್ರದಲ್ಲಿ ಅದು ಹಂಗೇ ಇದೆ, ಕೆಳಗೆ ಜನ ನಿಶ್ಚಿಂತೆಯಿಂದ ಇದ್ದಾರೆ. ನಾನಾಗಿದ್ರೆ ಆ ಬಾಗಿಲ ಹತ್ರ ಸುಳೀತಿರಲಿಲ್ಲ. 1870ರ ಆಸುಪಾಸು ಅದಕ್ಕೆ ಕೆಳಗಿಂದ ಕಲ್ಲುಕಟ್ಟಡದ ಕಂಬ ಕೊಟ್ಟು ಆನಿಸಿದ್ರು, ಆಮೇಲೆ ಸರಿಯಾಗಿ ಎತ್ತಿ ಕೂರಿಸಿದ್ರು. ಆ ಕಲ್ಲು ಎಷ್ಟು ಜಾರಿತ್ತು ಅನ್ನೋದನ್ನ ಹಳೇ ಫೋಟೋ ಜೊತೆ ಹೋಲಿಸಿ ನೋಡಬಹುದು, ಕಣ್ಣಿಗೆ ಕಾಣೋ ವ್ಯತ್ಯಾಸ ಇಲ್ಲ.

ಚಹಾ ಬ್ರೇಕ್
ಲಕ್ಸರ್ ಪಕ್ಕದ ಕಾರ್ನಾಕ್ ಗುಡಿಯಲ್ಲಿ ಇಂಥದ್ದೇ ಆಗಿ ಜನ ಎಚ್ಚೆತ್ಕೊಂಡಿದ್ದು. 134 ಕಂಬದ ಮಂಟಪ, 1899ರ ಅಕ್ಟೋಬರಲ್ಲಿ 11 ಕಂಬ ಒಟ್ಟಿಗೆ ಬಿದ್ವು. ಆಮೇಲೆ ಎತ್ತಿ ನಿಲ್ಲಿಸಿದ್ರು. ರಾಬರ್ಟ್ಸ್ ಬರೆದಿದ್ದು ಬೀಳೋದಕ್ಕೆ ಮುಂಚಿನ ಮಂಟಪ.

ಬಣ್ಣದ ಬೀಗ
ಫೋಟೋ ಬಂದಿದ್ದು ಯಾವಾಗ? ಅವನು ಒಂದು ಹತ್ತು ವರ್ಷ ತಡವಾಗಿ ಹೋಗಿದ್ರೆ ಈ ಜಗಳಾನೇ ಇರ್ತಿರಲಿಲ್ಲ.

ಶಾಸನದ ಹುಳ
ಡಾಗೇರ್‌ನ ಫೋಟೋ ವಿಧಾನ ಪ್ಯಾರಿಸ್ಸಲ್ಲಿ ಪ್ರಕಟ ಆಗಿದ್ದು 1839ರಲ್ಲಿ, ಇವನು ಊರಿಗೆ ವಾಪಸ್ಸಾದ ವರ್ಷಾನೇ. ಫ್ರಾನ್ಸಿನ ಬರಹಗಾರ ಮ್ಯಾಕ್ಸಿಮ್ ದು ಕಾಂಪ್ 1849ರಲ್ಲಿ ಕ್ಯಾಮೆರಾ ಹೊತ್ಕೊಂಡು ಈಜಿಪ್ಟಿಗೆ ಹೋದ, ಆಮೇಲೆ ಇಂಗ್ಲೆಂಡಿನ ಫೋಟೋಗ್ರಾಫರ್ ಫ್ರಾನ್ಸಿಸ್ ಫ್ರಿತ್. ಇಬ್ಬರ ಫೋಟೋದಲ್ಲೂ ಅಬು ಸಿಂಬೆಲ್ ಮುಂದೆ ಮರಳಿನ ರಾಶಿ ಇದೆ. ಹಾಗಾಗಿ ಹಾಕಿದ ಪ್ರಶ್ನೆಗೆ ಉತ್ತರ ಬೇಕಂದ್ರೆ ಚಿತ್ರದ ಪಕ್ಕ ಈಗಿನ ಟೂರಿಸ್ಟ್ ಫೋಟೋ ಇಡಬೇಡಿ, 1850ರ ದಶಕದ ಫೋಟೋ ಇಡಿ.

ಅಡ್ಡಗೋಡೆ ದೀಪ
ದು ಕಾಂಪ್ ಕೂಡ ಅಳತೆಗೆ ಅಂತ ತನ್ನ ದೋಣಿಯ ಒಬ್ಬ ಆಳನ್ನ ಮೂರ್ತಿಗಳ ಮೇಲೆ ಹತ್ತಿಸಿ ನಿಲ್ಲಿಸ್ತಿದ್ದ. ಕ್ಯಾಮೆರಾ ಬಂದ್ರೂ ಆ ಚಾಳಿ ಹೋಗ್ಲಿಲ್ಲ.

ಖಾಲಿ ಕ್ಯಾನ್ವಾಸ್
ನೀವು ಬಿಡಲ್ಲ ಬಿಡಿ 😀 ದೊಡ್ಡ ಸೈಜಲ್ಲಿ ಈ ಲಿಥೋಗ್ರಾಫ್‌ಗಳು ಎಲ್ಲಿ ಸಿಗ್ತವೆ? ನನಗೆ ಸಿಕ್ಕಿದ್ದು ಸಣ್ಣದು, ಝೂಮ್ ಮಾಡಿದ್ರೆ ಒಡೆದುಹೋಗುತ್ತೆ.

ಬೂದು ಕಾಗದ
ಅಮೆರಿಕಾದ ಲೈಬ್ರರಿ ಆಫ್ ಕಾಂಗ್ರೆಸ್ ಸೈಟಲ್ಲಿ ಪೇಂಟರ್ ಹೆಸರು ಹಾಕಿ ಹುಡುಕಿ, ಸ್ಕ್ಯಾನ್ ಚೆನ್ನಾಗಿವೆ, ಫ್ರೀ. ಎಡ್ಫುದು ಒಂದಕ್ಕಿಂತ ಜಾಸ್ತಿ ಇವೆ, ಮಂಟಪದ ಒಳಗಿಂದ ದ್ವಾರಗೋಪುರದ ಕಡೆ ನೋಡಿ ಬರೆದಿದ್ದನ್ನ ಮೊದಲು ತೆಗೀರಿ. ಬೋದಿಗೆಗಳನ್ನ ಝೂಮ್ ಮಾಡಿ, ಒಂದರ ಹಾಗೆ ಪಕ್ಕದ್ದು ಇಲ್ಲ, ತಾಳೆಗರಿ ಒಂದಕ್ಕೆ, ಹೂವಿನ ಗೊಂಚಲು ಇನ್ನೊಂದಕ್ಕೆ. ಅಸಲಿ ಗುಡಿಯಲ್ಲೂ ಹಂಗೇ ಇದೆ.

ಖಾಲಿ ಕ್ಯಾನ್ವಾಸ್
ಸಿಕ್ತು, ಡೌನ್‌ಲೋಡ್‌ಗೆ ಹಾಕಿದೀನಿ. ಸ್ಕೇಲ್ ಇಟ್ಟು ಗೋಡೆ ಪಕ್ಕದ ಮನುಷ್ಯನ್ನ ಅಳೆದು ಹೇಳ್ತೀನಿ ತಡೀರಿ.

ಮರಳ ಮಾಮ
ಹೂತಿರೋ ಭಾಗ ಬಿಟ್ಟು ಅಳೀಬೇಕು, ಮರೀಬೇಡಿ. 36 ಮೀಟರ್ ಅನ್ನೋದು ಬುಡದಿಂದ.